ನಾರಿಗೆ ಜಾತಿ ಹಚ್ಚಿದವರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಹಾಸ್ಟೆಲ್ ಅರ್ಜಿಯಲ್ಲಿ ತಂದೆಯ ಉದ್ಯೋಗ ಅಂತ ಒಂದು ಖಾನೆ ಇರುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಯಿಂದ ಬಂದ ನಾವು ಹಲವರು ಅಲ್ಲಿ 'ಕೂಲಿ' ಎಂದು ಬರೀತೇವೆ. ಅಪ್ಪ ಹಗ್ಗ ಹೊಸೀತಾನ, ಅವ್ವ ನಾರು ಸುಲೀತಾಳ ಅಂತ ಬರೆಯೋದಿಲ್ಲ. ಕೂಲಿ ಅಂದರೆ ಬಡತನ ಅಷ್ಟೇ ಗೊತ್ತಾಗತೈತಿ, ಹಗ್ಗ ಅಂದರೆ ಕೇರಿ ಗೊತ್ತಾಗತೈತಿ. ಇವತ್ತು ಆ ಹಗ್ಗದ ಬಗ್ಗೆಯೇ ಮಾತಾಡೋಣ.

ಮೊದಲು ಕೆಲಸ ನೋಡೋಣ. ಹೊಲದ ಅಂಚಿಗೆ, ಜೋಳದ ನಡುವೆ ಪುಂಡಿ ಏಳುತ್ತದೆ. ಎಲೆ ಪಲ್ಯವಾಗಿ ಊರೆಲ್ಲ ಉಣ್ಣತೈತಿ. ಕಡ್ಡಿ ಕೇರಿಗೆ ಬರತೈತಿ. ಕಡ್ಡಿಯನ್ನು ಸಿವುಡು ಕಟ್ಟಿ, ಹಳ್ಳದ ನಿಂತ ನೀರಿನಾಗ ಕಲ್ಲು ಹೇರಿ ಮುಳುಗಿಸಬೇಕು. ಹತ್ತು-ಹದಿನೈದು ದಿನ, ಚಳಿ ಇದ್ದರೆ ಇನ್ನೂ ಹೆಚ್ಚು. ನೀರಿನ ಸೂಕ್ಷ್ಮಜೀವಿಗಳು ನಾರನ್ನು ಕಡ್ಡಿಗೆ ಹಿಡಿದ ಅಂಟನ್ನು ತಿಂದುಬಿಡುತ್ತವೆ. ವಿಜ್ಞಾನ ಓದುವವರು ಅದನ್ನ ಪೆಕ್ಟಿನ್ ಅಂತೀರಿ. ಮೊದಲೇ ತೆಗೆದರೆ ನಾರು ಬಿಡೋದಿಲ್ಲ, ತಡ ಆದರೆ ನಾರೇ ಕೊಳೀತೈತಿ. ಆ ದಿನ ಯಾವುದು? ಅವ್ವ ಒಂದು ಕಡ್ಡಿ ಎಳೆದು ಬೆರಳಿನಿಂದ ನೋಡತಾಳ, ನೀರಿನ ವಾಸನೆ ಹಿಡಿದು ಹೇಳತಾಳ. ನಾರು ಬಿಚ್ಚುವಾಗ ಆ ನಾರುವ ನೀರಿನಾಗ ತಾಸುಗಟ್ಟಲೆ ನಿಲ್ಲುವವಳೂ ಅವಳೇ.

ಕತ್ತಾಳಿ ಮೂಲದಲ್ಲಿ ಮೆಕ್ಸಿಕೊ ಕಡೆಯ ಗಿಡ. ಈಗ ಬದುವಿನ ಮೇಲೆ, ಹಳ್ಳದ ದಂಡಿಗೆ, ಬಾದಾಮಿ ಗುಡ್ಡದ ಬುಡಕ್ಕೆ ನಮ್ಮದೇ ಅನ್ನುವ ಹಾಗೆ ನಿಂತೈತಿ. ಎಲೆ ಕೊಯ್ದು, ಮುಳ್ಳು ಸವರಿ, ಜಜ್ಜಿ, ತಿರುಳು ಹೆರೆದು, ತೊಳೆದು ಒಣಗಿಸಿದರೆ ಬಿಳೀ ನಾರು. ರಸ ತಗುಲಿದರೆ ಮೈಯೆಲ್ಲ ತುರಿಕೆ. ಕೈಗವಸು ಯಾರೂ ಕೊಟ್ಟಿಲ್ಲ. ಎಕ್ಕಿ ಗಿಡದ ತೊಗಟೆಯಲ್ಲೂ ಗಟ್ಟಿ ನಾರೈತಿ, ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು.

ಆಮೇಲೆ ಹೊಸೆಯುವುದು. ಎಳೆಯನ್ನು ಒಂದು ದಿಕ್ಕಿಗೆ ಹುರಿಗೊಳಿಸಿ, ಎರಡು-ಮೂರು ಎಳೆ ಕೂಡಿಸಿ ಎದುರು ದಿಕ್ಕಿಗೆ ತಿರುವಬೇಕು. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗೀತೈತಿ, ಅದಕ್ಕೇ ಹಗ್ಗ ನಿಲ್ಲತೈತಿ. ಇದನ್ನ ಕಾಲೇಜಿನಾಗ ಕಲಿಸಿದರೆ ಭೌತಶಾಸ್ತ್ರ, ಕೇರಿಯಾಗ ಮಾಡಿದರೆ ಕುಲಕಸುಬು!

ಕಣ್ಣಿ, ದಾವಣಿ, ಮೂಗುದಾಣ, ನೆಲುವು, ಹೊರಸಿನ ಹುರಿ, ಎಲ್ಲವೂ ಈ ನಾರಿನಿಂದಲೇ. ಇದಕ್ಕೆ ಬೆಲೆ ಏನಿತ್ತು? ಆಯ. ವರ್ಷವೆಲ್ಲ ಹಗ್ಗ ಕೊಟ್ಟು, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಒಂದಿಷ್ಟು ಜೋಳ. ಹಗ್ಗಕ್ಕೆ ಲೆಕ್ಕ ಇಲ್ಲ, ಜೋಳ ಎಷ್ಟು ಅನ್ನೋದು ಕೊಡುವವನ ಮನಸ್ಸು. ಎತ್ತಿನ ಕೊರಳಿನ ಹಗ್ಗ ಮುಟ್ಟಬಹುದು, ಹೊಸೆದ ಕೈ ಮುಟ್ಟಬಾರದು. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನದ ಕಾಯ್ದೆ ತಿದ್ದಲು ಮಸೂದೆ ತಂದರು. ಆಗ ನಮ್ಮ ಸೀಮೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು. ಹಗ್ಗದ ಆಯ ವತನವಲ್ಲ ನಿಜ. ಆದರೆ ಹುಟ್ಟಿನಿಂದ ದುಡಿಮೆ ಕಟ್ಟಿ, ಕೂಲಿಯನ್ನು ದಯೆ ಮಾಡುವ ಬೇರು ಒಂದೇ.

ಕೊರವರ ಕತೆ ಇನ್ನೂ ಕಠಿಣ. ಹುಲ್ಲು, ಈಚಲ, ನಾರು ಹುಡುಕುವವರು ಅಲೆಯಲೇಬೇಕು. ಅಲೆಯುವುದನ್ನೇ ಬ್ರಿಟಿಷರು ಅಪರಾಧ ಮಾಡಿದರು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಮುಂದೆ ಮುಂಬಯಿ ಪ್ರಾಂತಕ್ಕೂ ಬಂತು. ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಸೆಟ್ಲಮೆಂಟು ಮಾಡಿ ಜನರನ್ನು ಒಳಗೆ ಹಾಕಿದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಇದೇ ಜನ ತಮ್ಮವನೆಂದು ನೆನೆಯುವ ನುಲಿಯ ಚಂದಯ್ಯ 12ನೇ ಶತಮಾನದಲ್ಲಿ ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ಬದುಕಿದವನು. ಕೊರಳ ಲಿಂಗ ನೀರಿಗೆ ಬಿದ್ದರೂ ಆತ ಕಾಯಕ ಬಿಡಲಿಲ್ಲ, ಲಿಂಗವೇ ಬೆನ್ನು ಹತ್ತಿ ಬಂತು ಅಂತ ಕತೆ ಹೇಳತಾರ. ಕೂಡಲಸಂಗಮಕ್ಕೆ ಪ್ರವಾಸ ಹೋಗುವ ನೀವು ಈ ಹೆಸರನ್ನೂ ಕೇಳಿ ಬರ್ರಿ.

ಈಗ ನೈಲಾನ್ ಬಂದು ಸಂತೆ ತುಂಬೈತಿ. 1935ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು ನಮ್ಮ ಎತ್ತಿನ ಕೊರಳಿಗೂ ಬಂತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರೂ ಬಂತು. ಆಯ ಸತ್ತಿದ್ದಕ್ಕೆ ನಾವು ಅಳೋದಿಲ್ಲ, ಸಾಯಲಿ. ಆಲಮಟ್ಟಿ ಹಿನ್ನೀರು ಬಂದಾಗ ಪರಿಹಾರ ಕೇಳಲು ಪಹಣಿ ಬೇಕಿತ್ತು. ಹೊಳೆಯ ದಂಡಿಗೆ ಹುಲ್ಲು ಕೊಯ್ಯುವ ಕುಡುಗೋಲಿಗೆ ಯಾವ ಪಹಣಿ?

ಇನ್ನೊಂದು ಮಾತು. ಇಳಕಲ್ಲ ಸೀರೆಗೆ ಜಿಐ ಗುರುತು ಸಿಕ್ಕೈತಿ, ಸಿಗಬೇಕಾದ್ದೇ. ಟೋಪಿ ತೆನಿ ಹಾಕಿ ಸೆರಗು ಕೂಡಿಸುವ ಕೈಗೂ ಹೊಟ್ಟೆತುಂಬ ಕೂಲಿ ಇಲ್ಲ, ಕಂಡಿಕೆ ಸುತ್ತುವ ಹೆಣ್ಣಿಗಂತೂ ಲೆಕ್ಕವೇ ಇಲ್ಲ. ಅವರು ನಮ್ಮ ವೈರಿಗಳಲ್ಲ. ಆದರೆ ಹತ್ತಿಯ ನೂಲು ಕಲೆಯಾಯಿತು, ಪುಂಡಿಯ ನಾರು ಜಾತಿಯಾಯಿತು, ಹೇಗೆ? ಇತ್ತೀಚೆ ಶಹರದ ಅಂಗಡಿಗಳಲ್ಲಿ ಇದೇ ಸಸ್ಯನಾರಿನ ಚೀಲ, ಚಾಪೆಗಳು 'ಪರಿಸರಸ್ನೇಹಿ' ಅಂತ ಗಾಜಿನ ಹಿಂದೆ ಕೂತಾವ. ಹೊಸೆದವರ ಹೆಸರು ಚೀಟಿಯ ಮೇಲೆ ಇರೋದು ಕಡಿಮೆ. ನಮ್ಮ ಕೈಯಾಗ ಇದ್ದಾಗ ಅದಕ್ಕೆ ಬಿಡಿಗಾಸು, ಕೈ ಬದಲಾದ ಕೂಡಲೇ ಬೆಲೆ!

ನೀವು ಓದು ಬಿಟ್ಟು ಹಗ್ಗ ಹೊಸೆಯಲು ಹೋಗ್ರಿ ಅಂತ ನಾವು ಹೇಳ್ತಾ ಇಲ್ಲ. ಹಾಗೆ ಹೇಳುವವರು ಬೇರೆ ಇದ್ದಾರ, ಅವರ ಮಕ್ಕಳು ಹೊಸೆಯೋದಿಲ್ಲ. ಆದರೆ ಅವ್ವನಿಗೆ ಗೊತ್ತಿರುವುದು ಅವ್ವನ ಜೊತೆಗೇ ಹೋದರೆ, ನಾಳೆ ಯಾರೋ ಬಂದು ಇದು ತಮ್ಮ ಶೋಧ ಅಂತಾರ; ಆಗ ತೋರಿಸಲು ನಮ್ಮ ಹತ್ತಿರ ಒಂದು ಹಾಳೆಯೂ ಇರೋದಿಲ್ಲ. ಈ ಸಲ ರಜೆಗೆ ಹೋದಾಗ ಕೂತು ಕೇಳ್ರಿ: ಯಾವ ಗಿಡ, ಯಾವ ತಿಂಗಳು, ಎಷ್ಟು ದಿನ ನೀರಿನಾಗ, ಯಾವ ಹಗ್ಗಕ್ಕೆ ಎಷ್ಟೆಳೆ, ಯಾರಿಗೆ ಕೊಟ್ಟಿದ್ದು, ಏನು ಸಿಕ್ಕಿತು. ಅವ್ವ ಹೇಳಿದ ಮಾತಿನಲ್ಲೇ ಬರೀರಿ, ಪುಸ್ತಕದ ಕನ್ನಡಕ್ಕೆ ತಿದ್ದಬ್ಯಾಡ್ರಿ. ಮುಂದಿನ ಸಭೆಗೆ ಒಂದೊಂದು ಮೊಳ ಹಗ್ಗವನ್ನೂ ತರ್ರಿ, ಹೊಸೆದವರ ಹೆಸರಿನ ಚೀಟಿ ಕಟ್ಟಿ.