ಒಂದು ಹಬ್ಬ, ಹಲವು ಉದಯಗಳು

(ಸ್ವಾತಂತ್ರ್ಯೋತ್ಸವದ ನಿಮಿತ್ತ ಮಾಡಿದ ಭಾಷಣ)



ಸ್ವಾತಂತ್ರ್ಯದಿನದ ಭಾಷಣವೆಂದರೆ ಅದರ ಕ್ರಮವು ಎಲ್ಲರಿಗೂ ಗೊತ್ತಿದ್ದುದೇ ಆಗಿರುವದು. ಧ್ವಜಕ್ಕೆ ವಂದನೆ, ಹುತಾತ್ಮರ ಸ್ಮರಣೆ, ತರುಣರಿಗೆ ಉಪದೇಶ, ಜಯಘೋಷ, ಕೊನೆಗೆ ಮಕ್ಕಳ ಕೈಗೆ ಸಿಹಿ. ಇವುಗಳಲ್ಲಿ ಯಾವದೂ ಬೇಡವಾದುದಲ್ಲ. ಆದರೆ ಇಂದು ತಮ್ಮ ಮುಂದೆ ನಾನು ಒಂದೇ ಒಂದು ಪ್ರಶ್ನೆಯನ್ನು ಇಡಬಯಸುವೆನು: ಈ ಹಬ್ಬವು ಯಾರಿಗೆ ಏನು? ಯುಗಾದಿಯ ದಿನ ಊರೆಲ್ಲ ಬೇವುಬೆಲ್ಲ ಹಂಚುವದು ನಿಜ. ಆದರೆ ಆ ವರ್ಷ ಸಾವು ಕಂಡ ಮನೆಯಲ್ಲಿ ತೋರಣ ಕಟ್ಟುವದಿಲ್ಲ. ಹೊಸ ಸೊಸೆ ಬಂದ ಮನೆಯಲ್ಲಿ ಎರಡು ತೋರಣ ಕಟ್ಟುವರು. ತಿಥಿ ಒಂದೇ, ಮನೆಗಳು ಬೇರೆ. ದೇಶದ ಹಬ್ಬದ ಮಾತೂ ಇದಕ್ಕಿಂತ ಬೇರೆಯಾಗಿಲ್ಲ.

ಮೊದಲು ತಾರೀಖಿನ ವಿಚಾರವನ್ನೇ ನೋಡೋಣ. ಆಗಸ್ಟ್ 15 ಎಂಬ ದಿನವನ್ನು ಭಾರತೀಯರು ಆರಿಸಲಿಲ್ಲ. 1945ನೆಯ ಇಸವಿಯ ಅದೇ ದಿನ ಜಪಾನವು ಶರಣಾಗತವಾಗಿದ್ದಿತು. ಆಗ್ನೇಯ ಏಶಿಯದ ಸೇನೆಗಳ ನಾಯಕನಾಗಿದ್ದ ಮೌಂಟಬ್ಯಾಟನ್ನನು ಆ ನೆನಪಿನಿಂದ 1947ರಲ್ಲಿ ಈ ದಿನವನ್ನು ಗೊತ್ತುಮಾಡಿದನು. ಜಪಾನದ ಆಳಿಕೆಯಿಂದ ಬಿಡುಗಡೆ ಹೊಂದಿದ ಕೊರಿಯದ ಜನರಿಗೂ ಇದೇ ದಿನವು ಹಬ್ಬವಾಗಿರುವದು. ಭಾರತದ ಜನತೆಯು ತಾನಾಗಿ ಆರಿಸಿಕೊಂಡ ದಿನವು ಜನವರಿ 26. 1929ರ ಕೊನೆಗೆ ಲಾಹೋರಿನಲ್ಲಿ ಪೂರ್ಣಸ್ವರಾಜ್ಯದ ನಿರ್ಣಯವಾಗಿ, 1930ರ ಜನವರಿ 26ರಂದು ಊರೂರಿನಲ್ಲಿ ಪ್ರತಿಜ್ಞೆಯನ್ನು ಓದಲಾಯಿತು. ಮುಂದೆ ಹದಿನೇಳು ವರ್ಷ ಅದೇ ನಮ್ಮ ಸ್ವಾತಂತ್ರ್ಯದಿನವಾಗಿದ್ದಿತು. ಆಗ ಹಬ್ಬ ಮಾಡುವದೆಂದರೆ ಲಾಠಿಗೆ ಮೈಯೊಡ್ಡುವದು, ಸೆರೆಮನೆಗೆ ಹೋಗುವದು. ಅದನ್ನು ಮರೆಯಬಾರದೆಂದೇ 1950ರಲ್ಲಿ ಸಂವಿಧಾನವನ್ನು ಆ ದಿನ ಜಾರಿಗೆ ತಂದರು. ಒಂದು ದಿನ ಕೊಟ್ಟದ್ದು, ಇನ್ನೊಂದು ದಿನ ಗಳಿಸಿದ್ದು. ನಮ್ಮ ವರ್ಷದಲ್ಲಿ ಎರಡೂ ನಿಂತಿರುವವು.

ಇನ್ನು 1947ರ ಆಗಸ್ಟ್ 15, ಶುಕ್ರವಾರ. ದಿಲ್ಲಿಯಲ್ಲಿ ದೀಪಗಳು ಬೆಳಗುತ್ತಿದ್ದಾಗ ಗಾಂಧೀಜಿಯವರು ಕಲಕತ್ತೆಯ ಬೇಲಿಯಾಘಾಟದಲ್ಲಿ ಉಪವಾಸ, ಪ್ರಾರ್ಥನೆ, ನೂಲುವಿಕೆಗಳಲ್ಲಿ ದಿನವನ್ನು ಕಳೆದರು. ದೇಶದ ಗಡಿ ಯಾವದೆಂಬುದೇ ಅಂದು ಪ್ರಕಟವಾಗಿರಲಿಲ್ಲ. ರ‍್ಯಾಡ್‌ಕ್ಲಿಫನ ತೀರ್ಪು ಹೊರಬಿದ್ದದ್ದು ಆಗಸ್ಟ್ 17ರಂದು. ಆದುದರಿಂದ ಮುರ್ಶಿದಾಬಾದಿನಲ್ಲಿ ಪಾಕಿಸ್ತಾನದ ಧ್ವಜವೂ ಖುಲನಾದಲ್ಲಿ ಭಾರತದ ಧ್ವಜವೂ ಏರಿದವು. ಎರಡು ದಿನಗಳ ತರುವಾಯ ಎರಡನ್ನೂ ಇಳಿಸಬೇಕಾಯಿತು. ಹಬ್ಬದ ನಗೆ ಮುಖದ ಮೇಲೆ ಇರುವಾಗಲೇ ಪರದೇಶಿಗಳಾದವರಿಗೆ ಆ ಶುಕ್ರವಾರವು ಏನು?

ದೂರದ ಬಂಗಾಲವಿರಲಿ, ನಮ್ಮ ನಾಡನ್ನೇ ನೋಡೋಣ. ಅಂದು ಕನ್ನಡಿಗರಿಗೆ ಒಂದು ಮನೆಯೇ ಇರಲಿಲ್ಲ. ಕೆಲವರು ಮುಂಬಯಿ ಪ್ರಾಂತದಲ್ಲಿ, ಕೆಲವರು ಮದ್ರಾಸು ಪ್ರಾಂತದಲ್ಲಿ, ಕೆಲವರು ಕೊಡಗಿನಲ್ಲಿ, ಉಳಿದವರು ಮೈಸೂರು, ಹೈದರಾಬಾದ, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಮೊದಲಾದ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದರು. ಧಾರವಾಡ, ಗದಗ, ಮಂಗಳೂರುಗಳಲ್ಲಿ ಧ್ವಜವು ನಿರಾತಂಕವಾಗಿ ಹಾರಿತು. ಮೈಸೂರು ಭಾರತ ಒಕ್ಕೂಟವನ್ನು ಸೇರಿದ್ದರೂ ಅಲ್ಲಿಯ ಪ್ರಜೆಗಳಿಗೆ ಜವಾಬ್ದಾರಿ ಸರಕಾರವು ದೊರೆತಿರಲಿಲ್ಲ. ಅದಕ್ಕಾಗಿ ಸಪ್ಟಂಬರದಲ್ಲಿ ‘ಮೈಸೂರು ಚಲೋ’ ಚಳವಳಿಯು ಹೂಡಲ್ಪಟ್ಟಿತು. ಮೈಸೂರು ನಗರದ ಒಂದು ವೃತ್ತವು ಇಂದಿಗೂ ರಾಮಸ್ವಾಮಿಯೆಂಬ ವಿದ್ಯಾರ್ಥಿಯ ಹೆಸರನ್ನು ಹೊತ್ತಿರುವದು. ಅವನು ಗುಂಡಿಗೆ ಬಲಿಯಾದುದು ಬ್ರಿಟಿಶರ ಆಳಿಕೆಯಲ್ಲಿ ಅಲ್ಲ, ದೇಶವು ಸ್ವತಂತ್ರವಾದ ಮರುತಿಂಗಳಿನಲ್ಲಿ. ಅಕ್ಟೋಬರ 25ರಂದು ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಮೈಸೂರಿಗೆ ಬೆಳಗಾದದ್ದು ಆ ಹೊತ್ತಿಗೆ.

ಗದಗಿನಿಂದ ಕೊಪ್ಪಳಕ್ಕೆ ಸುಮಾರು 60 ಕಿಲೋಮೀಟರು. ಗದಗಿನಲ್ಲಿ ಹಬ್ಬ, ಕೊಪ್ಪಳದಲ್ಲಿ ನಿಜಾಮನ ಆಳಿಕೆ. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಲ್ಲಿ ಅಂದು ತ್ರಿವರ್ಣ ಧ್ವಜವನ್ನು ಏರಿಸುವದೇ ಅಪರಾಧವಾಗಿದ್ದಿತು. ಹೈದರಾಬಾದ ಸ್ಟೇಟ ಕಾಂಗ್ರೆಸ್ಸಿನ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಸೆರೆಯಾದರು. ರಜಾಕಾರರ ಕಾಟಕ್ಕೆ ಅಂಜಿ ಸಾವಿರಾರು ಜನರು ಗಡಿ ದಾಟಿ ಬಂದರು. ಮುಂಡರಗಿ, ಗಜೇಂದ್ರಗಡಗಳಂಥ ಊರುಗಳಲ್ಲಿ ಪ್ರತಿಕಾರದ ಶಿಬಿರಗಳು ನಡೆದವು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಕಗ್ಗೊಲೆಯನ್ನು ಆ ಸೀಮೆಯು ಇನ್ನೂ ಮರೆತಿಲ್ಲ. ಸಪ್ಟಂಬರ 13ಕ್ಕೆ ಭಾರತದ ಸೈನ್ಯವು ಒಳಹೊಕ್ಕು, 17ಕ್ಕೆ ನಿಜಾಮನು ಸೋಲನ್ನು ಒಪ್ಪಿದನು. ಆಗಸ್ಟ್ 15ರಿಂದ ಎಣಿಸಿದರೆ 399 ದಿನಗಳು! ಆದುದರಿಂದ ಕಲ್ಯಾಣ ಕರ್ನಾಟಕದ ಹಿರಿಯನೊಬ್ಬನು ತನ್ನ ಸ್ವಾತಂತ್ರ್ಯದಿನವು ಸಪ್ಟಂಬರ 17 ಎಂದರೆ ಅದು ಹಟದ ಮಾತಲ್ಲ, ಲೆಕ್ಕದ ಮಾತು.

ಆದರೆ ಸತ್ಯವನ್ನು ಅರ್ಧಕ್ಕೆ ನಿಲ್ಲಿಸುವದು ಸಭ್ಯರಿಗೆ ಒಪ್ಪುವದಿಲ್ಲ. ಆ ಸಪ್ಟಂಬರದ ತರುವಾಯ ಅದೇ ಸೀಮೆಯಲ್ಲಿ ಸೇಡಿನ ಬೆಂಕಿಯೂ ಹತ್ತಿತು. ಸರಕಾರದ ಅಪೇಕ್ಷೆಯಂತೆ ಹೋಗಿದ್ದ ಪಂಡಿತ ಸುಂದರಲಾಲರ ನಿಯೋಗವು, ಕಾರ್ಯಾಚರಣೆಯ ಕಾಲದಲ್ಲಿಯೂ ಆಮೇಲೂ ಕಡಿಮೆ ಎಂದರೆ 27 ಸಾವಿರದಿಂದ 40 ಸಾವಿರ ಜನರು ಪ್ರಾಣ ಕಳೆದುಕೊಂಡರೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುತೇಕರು ಮುಸಲ್ಮಾನರು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾಗಳು ಎರಡು. ಆ ವರದಿಯು ಎಷ್ಟೋ ದಶಕಗಳ ವರೆಗೆ ಬೆಳಕು ಕಾಣಲಿಲ್ಲ. ಇವರಲ್ಲಿ ರಜಾಕಾರನ ಮುಖವನ್ನೇ ಕಾಣದ ಒಕ್ಕಲಿಗನೂ ನೇಕಾರನೂ ಇದ್ದರು. ಒಂದೇ ಊರಿನ ಒಂದೇ ಓಣಿಯಲ್ಲಿ ಸಪ್ಟಂಬರ 17 ಒಂದು ಮನೆಗೆ ವಿಮೋಚನೆ, ಎದುರುಮನೆಗೆ ತಿಥಿ. ಗೋರಟಾದ ಕಣ್ಣೀರನ್ನು ಹೇಳಿ ಇದನ್ನು ಬಚ್ಚಿಡುವವನೂ, ಇದನ್ನು ಹೇಳಿ ಗೋರಟಾವನ್ನು ಬಚ್ಚಿಡುವವನೂ ಹಬ್ಬವನ್ನು ಮಾಡುವದಿಲ್ಲ, ವ್ಯಾಪಾರ ಮಾಡುತ್ತಾನೆ. ನಾವು ವ್ಯಾಪಾರಕ್ಕೆ ಕೂಡಿದವರಲ್ಲ.

ಊರಿಂದ ಊರಿಗೆ ತಾರೀಖು ಬೇರೆಯಾದಂತೆ ಜನದಿಂದ ಜನಕ್ಕೂ ಬೇರೆಯಾಗಿರುವದು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ’ ಎಂಬ ಒಂದು ಭಾಗವುಂಟು. ಆ ಹೆಸರಿನ ಕಥೆಯು ತರುಣರಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. 1871ರಲ್ಲಿ ಇಂಗ್ಲಿಷರು ಒಂದು ಕಾಯಿದೆಯನ್ನು ಮಾಡಿ, ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗೊತ್ತುಪಡಿಸಿದರು. ಮುಂದೆ ಆ ಕಾಯಿದೆಯು ಮುಂಬಯಿ ಪ್ರಾಂತಕ್ಕೂ ಹಬ್ಬಿ, ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥವರನ್ನು ಒಂದೆಡೆ ಕೂಡಿಹಾಕಿದರು. ದಿನವೂ ಹಾಜರಿ, ಪರವಾನಗಿಯಿಲ್ಲದೆ ಹೊರಗೆ ಕಾಲಿಟ್ಟರೆ ಶಿಕ್ಷೆ. 1947ರ ಆಗಸ್ಟ್ 15ರಂದು ದೇಶವು ಸ್ವತಂತ್ರವಾಯಿತು, ಕಾಯಿದೆಯು ಉಳಿಯಿತು. ಅದು ಇಡಿಯ ದೇಶದಲ್ಲಿ ರದ್ದಾದುದು 1952ರ ಆಗಸ್ಟ್ 31ರಂದು, ಅಂದರೆ ಐದು ವರ್ಷ ಹದಿನಾರು ದಿನಗಳ ತರುವಾಯ. ದೇಶದ ಅನೇಕ ಕಡೆಗಳಲ್ಲಿ ಆ ಜನರು ಆಗಸ್ಟ್ 31ನ್ನು ವಿಮುಕ್ತಿದಿನವೆಂದು ಆಚರಿಸುವರು. ಕಾಯಿದೆ ಹೋದರೂ ಸಂಶಯವು ಹೋಗಲಿಲ್ಲ. ಊರಲ್ಲಿ ಕಳವಾದರೆ ಮೊದಲು ಇವರ ಬಾಗಿಲನ್ನೇ ಬಡಿಯುವ ಚಾಳಿಯು ಎಷ್ಟೋ ಕಾಲ ಉಳಿಯಿತು. ಇವರ ಮುಂದೆ ನಿಂತು “ನೀವು 1947ರಲ್ಲಿ ಸ್ವತಂತ್ರರಾದಿರಿ” ಎಂದು ಹೇಳಲು ಯಾರ ನಾಲಿಗೆ ಏಳಬೇಕು?

ಗೇಣಿದಾರನ ಮಾತು ಇನ್ನೊಂದು. 1951ರಲ್ಲಿ, ಸಂವಿಧಾನವು ಬಂದ ಮರುವರ್ಷ, ಸಾಗರ ತಾಲೂಕಿನ ಕಾಗೋಡಿನಲ್ಲಿ ಒಕ್ಕಲುಗಳು ಸತ್ಯಾಗ್ರಹಕ್ಕೆ ನಿಂತರು. ಜಗಳದ ಮೂಲವು ಒಂದು ಕೊಳಗ! ಗೇಣಿಯ ಭತ್ತವನ್ನು ಅಳೆಯುವ ಕೊಳಗವು ದೊಡ್ಡದಾದಷ್ಟೂ ಒಕ್ಕಲಿನ ಮನೆಯ ಗಂಜಿಯು ಸಣ್ಣದಾಗುತ್ತಿದ್ದಿತು. ಡಾಕ್ಟರ ರಾಮಮನೋಹರ ಲೋಹಿಯಾ ಅವರು ಬಂದು ಅಲ್ಲಿಯೇ ಸೆರೆಯಾದರು. ಉಳುವವನಿಗೆ ನೆಲವು ದೊರೆಯುವಂತೆ ಗೇಣಿಪದ್ಧತಿಯನ್ನು ಕಿತ್ತೊಗೆಯುವ ಕಾಯಿದೆಯು ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1974ರಲ್ಲಿ. ಕಾಗೋಡಿನ ಒಕ್ಕಲಿಗೆ ಸ್ವಾತಂತ್ರ್ಯವೆಂದರೆ ಮೊದಲು ಅಳತೆ ಸರಿಯಿರುವ ಒಂದು ಕೊಳಗ, ಆಮೇಲೆ ತನ್ನ ಹೆಸರಿನ ಪಹಣಿ.

ಇಂದು ನಾವು ಏರಿಸಿದ ಧ್ವಜಕ್ಕೂ ಒಂದು ಕಥೆಯುಂಟು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಸಂಘವು 1957ರಲ್ಲಿ ಸ್ಥಾಪಿತವಾದುದು. ಶಾಸ್ತ್ರೋಕ್ತ ಅಳತೆಯ ರಾಷ್ಟ್ರಧ್ವಜವನ್ನು ಮಾಡಲು ಮಾನ್ಯತೆ ಪಡೆದ ಏಕೈಕ ಕೇಂದ್ರವೆಂಬ ಕೀರ್ತಿಯು ಅದಕ್ಕೆ ಬಹುಕಾಲ ಇದ್ದಿತು. ನೂಲುವವರು, ಹೊಲಿಯುವವರು ಬಹುತೇಕ ಹೆಣ್ಣುಮಕ್ಕಳು. ಇಪ್ಪತ್ತೊಂದು ಅಡಿಯ ದೊಡ್ಡ ಧ್ವಜದಿಂದ ಆರು ಅಂಗುಲದ ಮೇಜಿನ ಧ್ವಜದ ವರೆಗೆ ಒಂಬತ್ತು ಅಳತೆಗಳು. ಚಕ್ರದ ಇಪ್ಪತ್ತನಾಲ್ಕು ಕಡ್ಡಿಗಳಲ್ಲಿ ಒಂದು ಸೊಟ್ಟಗಾದರೂ ಅದು ಕೆಲಸಕ್ಕೆ ಬಾರದು. ನಮಗೆ ಆಗಸ್ಟ್ ಎಂದರೆ ರಜೆ. ಅವರಿಗೆ ಆಗಸ್ಟಿನ ಹಿಂದಿನ ತಿಂಗಳುಗಳೆಂದರೆ ವರ್ಷದ ಅನ್ನ. 2021ರ ಡಿಸಂಬರದಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಕೊಟ್ಟರು. ಅದರಿಂದ 2022ರಲ್ಲಿ ಅಗ್ಗದ ಧ್ವಜವು ಅಸಂಖ್ಯ ಮನೆಗಳ ಮೇಲೆ ಹಾರಿತು. ಬಡವನ ಮಾಡಿಗೂ ಧ್ವಜ ಬಂದದ್ದು ಸಂತೋಷದ ಸಂಗತಿ. ಆದರೆ ಬೆಂಗೇರಿಯ ಚರಕದ ಮುಂದೆ ಕುಳಿತವಳಿಗೆ ಅದೇ ಸಂಗತಿಯು ಚಿಂತೆಯಾಯಿತು. ಬೇಡಿಕೆಯು ತಗ್ಗಿತೆಂದು ಅಲ್ಲಿಯವರು ಬಹಿರಂಗವಾಗಿಯೇ ದೂರಿದರು. ಹಬ್ಬವು ಹೆಚ್ಚು ಮನೆಗಳಿಗೆ ತಲುಪಿದ ವರ್ಷವೇ ಹಬ್ಬವನ್ನು ಹೊಲಿಯುವವಳ ಮನೆಯಲ್ಲಿ ಕಳೆ ಕಡಿಮೆಯಾಯಿತು.

ಇಷ್ಟನ್ನು ಕೇಳಿ ತಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ಆಕ್ಷೇಪಿಸುತ್ತಿರಬಹುದು: ‘ಎಲ್ಲರನ್ನೂ ಒಂದುಗೂಡಿಸುವ ಒಂದೇ ದಿನವಿದ್ದಾಗ, ಅದನ್ನು ಸಪ್ಟಂಬರವೆಂದೂ ಅಕ್ಟೋಬರವೆಂದೂ ಏಕೆ ಒಡೆಯುವಿರಿ?’ ಆಕ್ಷೇಪವು ಯೋಗ್ಯವಾಗಿದೆ. ಇದಕ್ಕೆ ಉತ್ತರವನ್ನು ನಮ್ಮ ನಾಡಿನ ಅನುಭವವೇ ಕೊಡುವದು. ಕನ್ನಡಿಗರು ಏಕೀಕರಣವನ್ನು ಬೇಡಿದಾಗಲೂ, ಇದರಿಂದ ದೇಶವು ಒಡೆಯುವದೆಂದು ಹೆದರಿಸಿದವರಿದ್ದರು. 1956ರ ನವೆಂಬರ 1ರಂದು ಹರಿದ ನಾಡು ಕೂಡಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಭಾರತವೇನು ಒಡೆಯಿತೆ? ಕನ್ನಡಿಗನು ತನ್ನ ಮನೆಯಲ್ಲಿ ನೆಲೆನಿಂತ ಮೇಲೆ ಭಾರತದಲ್ಲಿ ಇನ್ನೂ ಗಟ್ಟಿಯಾಗಿ ನೆಲೆನಿಂತನು. ಅಂದಿನ ಸಂತೋಷದಲ್ಲಿಯೂ ಕಾಸರಗೋಡಿನ ಕನ್ನಡಿಗರ ಪಾಲಿಗೆ ಬಂದದ್ದು ನಿರಾಶೆ. ಅದನ್ನು ನೆನೆದರೆ ನವೆಂಬರ 1ರ ಹಬ್ಬಕ್ಕೆ ಕುಂದು ಬರುವದಿಲ್ಲ, ಆ ಬಂಧುಗಳು ನಮ್ಮವರೆಂಬುದು ಸ್ಥಿರವಾಗುವದು. ಹಾಗೆಯೇ, ಒಬ್ಬನ ತಾರೀಖನ್ನು ಇನ್ನೊಬ್ಬನು ಅರಿತರೆ ಹಬ್ಬವು ಒಡೆಯುವದಿಲ್ಲ. ಅರಿಯದೆ ಹೋದರೆ, ಒಂದೇ ಧ್ವಜದ ಕೆಳಗೆ ನಿಂತರೂ ನಾವು ಪರಸ್ಪರ ಅಪರಿಚಿತರು.

ಗೋವೆಯ ಉದಾಹರಣೆಯನ್ನೂ ನೆನೆಯಿರಿ. 1955ರ ಆಗಸ್ಟ್ 15ರಂದು, ಬೇರೆಯವರು ಸಿಹಿ ಹಂಚುತ್ತಿದ್ದಾಗ, ನಿರಾಯುಧ ಸತ್ಯಾಗ್ರಹಿಗಳು ಗೋವೆಯ ಗಡಿಯನ್ನು ದಾಟಿ ಹೋದರು. ಪೋರ್ತುಗೀಜರ ಗುಂಡಿಗೆ ಇಪ್ಪತ್ತಕ್ಕಿಂತ ಹೆಚ್ಚು ಜನರು ಬಲಿಯಾದರು. ಅವರಲ್ಲಿ ಬಹುತೇಕರು ಸ್ವತಂತ್ರ ಭಾರತದ ಪ್ರಜೆಗಳು. ತಮಗೆ ದೊರೆತದ್ದು ನೆರೆಯವನಿಗೆ ದೊರೆತಿಲ್ಲವೆಂಬ ಒಂದೇ ಕಾರಣದಿಂದ ಅವರು ಹಬ್ಬದ ದಿನ ಪ್ರಾಣ ಕೊಟ್ಟರು. ಗೋವೆಗೆ ಬಿಡುಗಡೆಯಾದದ್ದು 1961ರ ಡಿಸಂಬರ 19ರಂದು. ಆಗಸ್ಟ್ 15ನ್ನು ಅವರಷ್ಟು ಚೆನ್ನಾಗಿ ಆಚರಿಸಿದವರು ಯಾರು?

ಕೊನೆಗೆ ಒಂದು ಸೂಚನೆಯನ್ನು ಮಾಡಿ ಮುಗಿಸುವೆನು. ಮುಂದಿನ ವರ್ಷದಿಂದ ನಮ್ಮ ಊರುಗಳ ಧ್ವಜವಂದನೆಯಲ್ಲಿ, ಅತಿಥಿಗಳ ಭಾಷಣಕ್ಕೆ ಮೊದಲು, ಆ ಊರಿನದೇ ಒಂದು ಪುಟವನ್ನು ಊರ ಮಕ್ಕಳಿಂದ ಓದಿಸೋಣ: ಇಲ್ಲಿ ಧ್ವಜವು ಮೊದಲು ಎಂದು ಏರಿತು, ಯಾರು ಅದಕ್ಕಾಗಿ ಸೆರೆಮನೆ ಕಂಡರು, ಯಾರಿಗೆ ನೆಲ ಎಂದು ಬಂದಿತು, ಯಾವ ಕೇರಿಗೆ ಕುಡಿಯುವ ನೀರಿನ ಬಾವಿಯು ಎಂದು ತೆರೆಯಿತು, ಯಾರಿಗೆ ಇನ್ನೂ ಏನು ಬರಬೇಕಾಗಿದೆ. ಇದನ್ನು ಮಕ್ಕಳು ಮುದ್ರಿತ ಪುಸ್ತಕಗಳಲ್ಲಿ ಹುಡುಕದೆ, ಕಟ್ಟೆಯ ಮೇಲಿನ ಅಜ್ಜನನ್ನು, ಕೇರಿಯ ಅಜ್ಜಿಯನ್ನು ಕೇಳಿ ಬರೆದು ತರಲಿ. ಕಂಡವರು ಒಬ್ಬೊಬ್ಬರಾಗಿ ತೀರಿಹೋಗುತ್ತಿರುವರು. ತಡಮಾಡಿದರೆ ಆ ಪುಟಗಳು ಬರಿದಾಗುವವು. ಕೊನೆಯ ಪ್ರಶ್ನೆಯ ಉತ್ತರವನ್ನು ಪಂಚಾಯತಿಯ ಕಟ್ಟೆಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿರಿ. ಮರುವರ್ಷ ಅದರಲ್ಲಿ ಎಷ್ಟು ಅಳಿಯಿತೆಂಬುದನ್ನು ಅದೇ ಧ್ವಜದ ಕೆಳಗೆ ನಿಂತು ಲೆಕ್ಕ ಒಪ್ಪಿಸಿರಿ.

ಸ್ವಾತಂತ್ರ್ಯವು ಒಂದು ರಾತ್ರಿಯಲ್ಲಿ ಎಲ್ಲರ ಮನೆಗೆ ಬರಲಿಲ್ಲ. ತಡವಾಗಿ ಬಂದವರ ದಾರಿಯನ್ನು ನೋಡುತ್ತ, ಬಾಗಿಲು ತೆರೆದಿಟ್ಟು, ಎಲೆಯಲ್ಲಿ ಅವರ ಪಾಲನ್ನು ಇಟ್ಟುಕೊಂಡು ಕಾಯುವದು ಹಬ್ಬ ಮಾಡುವ ಮನೆಯವರ ಧರ್ಮ. ಆ ಧರ್ಮವನ್ನು ನಡೆಸುವ ಶಕ್ತಿಯು ನಮಗೆಲ್ಲರಿಗೂ ಬರಲೆಂದು ಹಾರೈಸುವೆನು.