ಹೊಳೆಯಾಚೆಯ ಹಲ್ಲುನೋವು



ರಾಜ್ಯೋತ್ಸವದ ಸಭೆಯಲ್ಲಿ ಹಲ್ಲಿನ ಮಾತೆತ್ತಿದರೆ ಕೆಲವರಿಗೆ ನಗೆ ಬಂದೀತು. ನಗುವುದಕ್ಕೂ ಹಲ್ಲು ಬೇಕಷ್ಟೆ!

ನಮ್ಮ ಪಿಂಪ್ರಿ-ಚಿಂಚವಾಡದ ಮಗ್ಗುಲಲ್ಲಿ ಹರಿಯುವ ಪವನಾ ನದಿಯು ಮುಳೆಯನ್ನು ಸೇರಿ, ಮುಳಾ-ಮುಠೆಯಾಗಿ ಭೀಮೆಯನ್ನು ಕೂಡಿ, ಕಲಬುರ್ಗಿ ಯಾದಗಿರಿಗಳ ಸೀಮೆಯನ್ನು ಹಾಯ್ದು ಕಡೆಗೆ ಕೃಷ್ಣೆಯಲ್ಲಿ ಒಂದಾಗುತ್ತದೆ. ನಮ್ಮಲ್ಲಿ ಅನೇಕರು ಆ ನೀರಿನ ಎದುರುದಾರಿ ಹಿಡಿದು ಹೊಟ್ಟೆಯ ಪಾಡಿಗಾಗಿ ಇಲ್ಲಿಗೆ ಬಂದವರು. ಇಲ್ಲಿ ಓಣಿ ತಿರುಗಿದರೆ ದಂತವೈದ್ಯರಿದ್ದಾರೆ. ಅಲ್ಲಿ ಹೊಳೆ ಬಂದಿತೆಂದರೆ ಎಷ್ಟೋ ಹಳ್ಳಿಗಳಿಗೆ ದವಾಖಾನೆಯ ದಾರಿಯೇ ಮುಚ್ಚಿತು. 2014ರಲ್ಲಿ ಸುರಪುರದ ಕಡೆಯ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಿಂದ ತುಂಬು ಗರ್ಭಿಣಿಯೊಬ್ಬಳು ಸೋರೆಬುರುಡೆ ಕಟ್ಟಿಕೊಂಡು, ತುಂಬಿದ ಕೃಷ್ಣೆಯನ್ನು ಈಜಿ ದಾಟಿದ ಸುದ್ದಿ ತಮ್ಮಲ್ಲಿ ಹಲವರಿಗೆ ನೆನಪಿದ್ದೀತು. ಹೆರಿಗೆಗೇ ಈ ಪಾಡಾದರೆ ಹಲ್ಲಿಗಾಗಿ ಹೊಳೆ ಹಾಯುವವರಾರು? ಲವಂಗ ಕಚ್ಚಿ ಕೂಡುತ್ತಾರೆ. ಇಲ್ಲವೆ ಮಶೇರಿ ತಿಕ್ಕುತ್ತಾರೆ. (ಮಶೇರಿಯೆಂದರೆ ಸುಟ್ಟ ತಂಬಾಕು. ಇಲ್ಲಿಂದ ಊರಿಗೆ ಅದರ ಪೊಟ್ಟಣ ಒಯ್ಯುವ ನಾವೂ ಈ ಪಾಪದಲ್ಲಿ ಪಾಲುಗಾರರು.) ಕೀವು ದವಡೆಯಿಂದ ಕೊರಳಿಗಿಳಿದರೆ ಉಸಿರು ಕಟ್ಟಿ ಪ್ರಾಣಕ್ಕೇ ಸಂಚಕಾರ ಬರುವುದುಂಟು.

ಯಂತ್ರವಿಲ್ಲದೆ, ಕರೆಂಟಿಲ್ಲದೆ ಅಲ್ಲಿ ಏನು ಮಾಡಲಾದೀತು ಎನ್ನುವವರಿದ್ದಾರೆ. 1980ರ ದಶಕದಲ್ಲಿ ಆಫ್ರಿಕದ ಟಾಂಜಾನಿಯಾದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಕೈ ಉಪಕರಣಗಳಿಂದಲೇ ಹುಳುಕನ್ನು ಕೆರೆದು, ಗ್ಲಾಸ್ ಅಯೋನೋಮರ್ ಎಂಬ ಸಿಮೆಂಟನ್ನು ಬೆರಳಿನಿಂದ ಒತ್ತಿ ತುಂಬುವ ಪದ್ಧತಿಯ ಮೊಳಕೆ ಒಡೆದದ್ದು ಅಲ್ಲಿಯೇ. ಆ ಸಿಮೆಂಟನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅತ್ಯವಶ್ಯಕ ಔಷಧಗಳ ಪಟ್ಟಿಗೇ ಸೇರಿಸಿತು. ಉಪಕರಣಗಳ ಶುದ್ಧಿಗೆ ಅಡಿಗೆಮನೆಯ ಪ್ರೆಶರ್ ಕುಕ್ಕರು ನಡೆಯುತ್ತದೆ. ಇಷ್ಟೆಲ್ಲ ಒಂದು ಚೀಲದಲ್ಲಿ ಹಿಡಿಸುತ್ತದೆ. ಚೀಲ ಹರಿಗೋಲಿನಲ್ಲಿ ಹಿಡಿಸುತ್ತದೆ.

ಆದರೆ ಶಿಬಿರಗಳ ಬಗೆಗೆ ನಮ್ಮದೊಂದು ತಕರಾರುಂಟು. ಒಮ್ಮೆ ಹೋಗಿ, ಹಾರ ಹಾಕಿಸಿಕೊಂಡು, ನಾಲ್ಕು ಹಲ್ಲು ಕಿತ್ತು, ಫೋಟೊ ತೆಗೆಸಿಕೊಂಡು ಬಂದರೆ ಅದು ಅರ್ಧ ಶಿಬಿರ. ಕಿತ್ತ ಗಾಯ ಮಾಯಿತೋ ಇಲ್ಲವೋ ಕೇಳುವವರಾರು? ಕಾರ ಹುಣ್ಣಿಮೆಗೆ ಮುನ್ನ, ಹೊಳೆ ಇಳಿದಿರುವಾಗ ಒಮ್ಮೆ ಹೋಗಬೇಕು. ಅದೇ ಬಾಯಿಗಳನ್ನು ತಿರುಗಿ ನೋಡಲು ದಸರೆಯ ತರುವಾಯ ಇನ್ನೊಮ್ಮೆ.

ಬರಲೊಪ್ಪುವ ದಂತವೈದ್ಯರು ಈ ಊರಿನ ಮರಾಠಿ ಸ್ನೇಹಿತರಲ್ಲಿಯೇ ಸಿಕ್ಕಾರು. ಆದರೆ 'ಜುಮ್ಮೆನ್ನುತ್ತದೆ' ಎಂಬುದಕ್ಕೂ 'ಸೆಳೆಯುತ್ತದೆ' ಎಂಬುದಕ್ಕೂ ಇರುವ ಭೇದವನ್ನು ಅವರಿಗೆ ತಿಳಿಯಹೇಳಲು ಎರಡೂ ಭಾಷೆ ಬಲ್ಲವರು ಪಕ್ಕದಲ್ಲಿರಬೇಕು. ಇದು ನಮ್ಮಿಂದಾಗುವ ಕೆಲಸ. ಬೇಸಗೆಯಲ್ಲಿ ಊರಿಗೆ ಹೊರಡುವವರು ಸಭೆ ಮುಗಿದೊಡನೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇವೆ. ಕುಕ್ಕರೊಂದನ್ನು ಆಗಲೇ ಎತ್ತಿಟ್ಟಿದ್ದೇವೆ.