ಗುರು ಬರುವ ಮುನ್ನ ಸಭೆ ಆಡಬೇಕಾದ ಮಾತು



ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸಭೆಗಳವರು ಸೇರಿರುವ ಈ ವಿಚಾರ ಸಂಕಿರಣ ಎತ್ತಿಕೊಂಡಿರುವ ಪ್ರಶ್ನೆ ಕೇಳುವುದಕ್ಕೆ ಸಣ್ಣದು. ಒಂದು ಊರಿನ ಚರ್ಚಿಗೆ ಹೊಸ ಗುರು ಬೇಕಾದಾಗ ಆ ಊರಿನವರು ಏನು ಮಾಡಬೇಕು? ಉತ್ತರ ಎಲ್ಲರಿಗೂ ಗೊತ್ತೇ ಇದೆ ಎಂದು ನಾವು ನಂಬಿಕೊಂಡಿದ್ದೇವೆ. ನೇಮಿಸುವವರು ಬೆಂಗಳೂರಿನಲ್ಲಿದ್ದಾರೆ. ವರ್ಗಾವಣೆಯ ಆದೇಶ ಬರುತ್ತದೆ. ಹಳಬರಿಗೆ ಶಾಲು ಹೊದಿಸಿ ಬೀಳ್ಕೊಡುತ್ತೇವೆ, ಹೊಸಬರಿಗೆ ಹಾರ ಹಾಕಿ ಬರಮಾಡಿಕೊಳ್ಳುತ್ತೇವೆ. ಇವೆರಡರ ನಡುವೆ ಸಭೆಗೆ, ಅಂದರೆ ಊರಿನ ವಿಶ್ವಾಸಿಗಳಿಗೆ, ಮಾಡಲು ಕೆಲಸವೇನೂ ಇಲ್ಲ ಎಂಬ ಭಾವನೆ ಬೇರೂರಿಬಿಟ್ಟಿದೆ. ನಾನು ಇಂದು ಹೇಳಬಯಸುವುದು ಇದಕ್ಕೆ ತದ್ವಿರುದ್ಧವಾದ ಮಾತು. ನೇಮಕದ ಅಧಿಕಾರ ಯಾರ ಕೈಯಲ್ಲೇ ಇರಲಿ, ತನ್ನ ಊರಿಗೆ ಎಂಥ ಗುರು ಬೇಕು, ಏಕೆ ಬೇಕು ಎಂಬುದನ್ನು ಕೂತು ಚರ್ಚಿಸಿ, ಬರೆದು, ಸಹಿ ಮಾಡಿ ಕೊಡುವುದು ಸಭೆಯ ಹೊಣೆ. ಈ ಹೊಣೆ ಬಿಟ್ಟ ಸಭೆಗೆ ಆಮೇಲೆ ದೂರುವ ನೈತಿಕ ಬಲ ಉಳಿಯುವುದಿಲ್ಲ.

ಮೊದಲು ನಮ್ಮ ಸುತ್ತಮುತ್ತಲಿನ ರೂಢಿಯನ್ನೇ ನೋಡೋಣ. ನಮ್ಮ ಹಳ್ಳಿಗಳಲ್ಲಿ ಗ್ರಾಮದೇವತೆಯ ಪೂಜಾರಿಕೆ ಸಾಮಾನ್ಯವಾಗಿ ಒಂದು ಮನೆತನದಲ್ಲಿ ಸಾಗಿಬರುತ್ತದೆ. ಪೂಜಾರಿ ತೀರಿಕೊಂಡು, ಅಣ್ಣತಮ್ಮಂದಿರ ಮಕ್ಕಳಲ್ಲಿ ಯಾರಿಗೆ ಪಟ್ಟ ಎಂಬ ತಕರಾರು ಎದ್ದರೆ ದೇವರ ಮುಂದೆ ಹೂ ಕೇಳುತ್ತಾರೆ. ಊರ ಗೌಡರು, ಯಜಮಾನರು, ಕೈವಾಡದವರು ಗುಡಿಯ ಮುಂದೆ ಸೇರುತ್ತಾರೆ. ನೀರಿನಲ್ಲಿ ಅದ್ದಿದ ಹೂವನ್ನು ದೇವಿಯ ಎಡಕ್ಕೂ ಬಲಕ್ಕೂ ಅಂಟಿಸಿ, ಒಬ್ಬೊಬ್ಬರ ಹೆಸರು ಹೇಳಿ ಕಾಯುತ್ತಾರೆ. ಬಲಗಡೆಯ ಹೂ ಬಿದ್ದರೆ ಅಪ್ಪಣೆಯಾಯಿತು ಎಂದು ಅರ್ಥ. ಎಡಗಡೆಯದು ಬಿದ್ದರೆ ಇನ್ನೊಂದು ಹೆಸರು. ಹೂವು ಹೇಗೆ ಬೀಳುತ್ತದೆ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನಾನು ಗಮನಿಸುವುದು ಅಲ್ಲಿ ಸೇರಿರುವ ಜನರನ್ನು. ತೀರ್ಮಾನ ದೇವರದೇ ಆದರೂ ಅದು ಊರಿನವರೆಲ್ಲರ ಕಣ್ಣೆದುರಿಗೆ ಆಗುತ್ತದೆ. ನನ್ನನ್ನು ಕೇಳಲಿಲ್ಲ ಎಂದು ನಾಳೆ ಯಾರೂ ಹೇಳುವಂತಿಲ್ಲ. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ತಮ್ಮ ದೈವ ಜುಂಜಪ್ಪನ ಪೂಜಾರಿಯ ನಡೆನುಡಿಗೆ ಬಿಗಿಯಾದ ಕಟ್ಟುಪಾಡುಗಳಿವೆ; ಅವನ್ನು ಮೀರಿದರೆ ಪ್ರಶ್ನಿಸುವವರೂ ಹಟ್ಟಿಯವರೇ. ಮಸೀದಿಗಳಲ್ಲಿ ಪೇಶ್ ಇಮಾಮರನ್ನು ಗೊತ್ತುಮಾಡುವಾಗ ಜಮಾತಿನ ಕಮಿಟಿ ಕೂರುತ್ತದೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮಿ ಇಂದು ನಾಡಿಗೆಲ್ಲ ಹೆಸರಾಗಿರುವುದರ ಹಿಂದೆ ಕಮಲಮ್ಮ ಎಂಬ ಹೆಣ್ಣುಮಗಳು ವರ್ಷಾನುಗಟ್ಟಲೆ ಬಿಡದೆ ನಡೆಸಿದ ಸೇವೆಯಿದೆ. ಜನ ಅವರನ್ನು ಒಪ್ಪಿಕೊಂಡದ್ದು ಆ ಸೇವೆಯನ್ನು ನೋಡಿ.

ನಮ್ಮ ಜಿಲ್ಲೆಯ ಸಿದ್ಧಗಂಗಾ ಮಠದ ಉದಾಹರಣೆ ಇನ್ನೊಂದು ಬಗೆಯ ಪಾಠ. 1930ರಲ್ಲಿ ಉತ್ತರಾಧಿಕಾರಿಯಾಗಬೇಕಿದ್ದ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದರು. ಆಗ ಉದ್ಧಾನ ಶಿವಯೋಗಿಗಳು ವಿದ್ಯಾರ್ಥಿಯಾಗಿದ್ದ ಶಿವಣ್ಣನವರನ್ನು ಆರಿಸಿಕೊಂಡರು. ಅವರೇ ಶಿವಕುಮಾರ ಸ್ವಾಮಿಗಳು. ಶ್ರೀಗಳು ತಮ್ಮ ಉತ್ತರಾಧಿಕಾರಿಯನ್ನು 1988ರಲ್ಲೇ ಗೊತ್ತುಮಾಡಿದ್ದರು, ಲಿಂಗೈಕ್ಯರಾದದ್ದು 2019ರ ಜನವರಿಯಲ್ಲಿ. ಮೂರು ದಶಕಗಳ ಕಾಲ ಭಕ್ತರು ಮುಂದಿನವರನ್ನು ಕಣ್ಣಾರೆ ಕಂಡರು. ಹೀಗಾಗಿ ಹಿರಿಯ ಶ್ರೀಗಳು ಇಲ್ಲವಾದಾಗ ದುಃಖ ಮಡುಗಟ್ಟಿತೇ ಹೊರತು ಮಠ ದಿಕ್ಕುಗೆಡಲಿಲ್ಲ.

ಕಾನೂನು ಕೂಡ ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. ಶೇಷಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1972ರಲ್ಲಿ, ಅರ್ಚಕರ ನೇಮಕ ಲೌಕಿಕ ಕಾರ್ಯ, ಅದು ವಂಶಪಾರಂಪರ್ಯವಾಗಿಯೇ ನಡೆಯಬೇಕೆಂಬುದು ಧರ್ಮದ ಅವಿಭಾಜ್ಯ ಅಂಗವಲ್ಲ ಎಂದು ಹೇಳಿತು. 2002ರ ಆದಿತ್ಯನ್ ಪ್ರಕರಣದಲ್ಲಿ, ಪೂಜಾವಿಧಾನ ಬಲ್ಲ ಬ್ರಾಹ್ಮಣೇತರರೂ ಅರ್ಚಕರಾಗಬಹುದೆಂದು ಎತ್ತಿಹಿಡಿಯಿತು. ಇನ್ನು ಜೀವನೋಪಾಯದ ಮಾತು. 1955ರ ಇನಾಂ ರದ್ದತಿ ಕಾಯ್ದೆಯ ನಂತರ ದೇವಸ್ಥಾನಗಳ ಇನಾಂ ಜಮೀನು ಹೋಗಿ ಸರ್ಕಾರ ವರ್ಷವರ್ಷ ಕೊಡುವ ತಸ್ತೀಕ್ ಹಣ ಬಂತು. ತಸ್ತೀಕನ್ನೇ ನೆಚ್ಚಿ ಸಂಸಾರ ತೂಗಿಸಲಾಗದೆ ಅರ್ಚಕರ ಮಕ್ಕಳು ಬೆಂಗಳೂರಿನ ದಾರಿ ಹಿಡಿದರು. ಯೋಗ್ಯರು ಬೇಕು ಎನ್ನುವ ಊರು ಅವರ ಹೊಟ್ಟೆಪಾಡಿನ ಮಾತನ್ನೂ ಆಡಬೇಕು. ಇದು ಗುಡಿಗೆ ಹೇಗೋ ಚರ್ಚಿಗೂ ಹಾಗೆಯೇ.

ಈಗ ಚರ್ಚಿನ ಒಳಗೆ ಬರೋಣ. ತುಮಕೂರು ಜಿಲ್ಲೆಯ ಕಥೋಲಿಕ ಧರ್ಮಕೇಂದ್ರಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದವು. ಮೈಸೂರು ಧರ್ಮಕ್ಷೇತ್ರದಿಂದ ಬೆಂಗಳೂರು ಬೇರೆಯಾದದ್ದು 1940ರಲ್ಲಿ, ಮಹಾಧರ್ಮಕ್ಷೇತ್ರವಾದದ್ದು 1953ರಲ್ಲಿ. ಪ್ರಾಟೆಸ್ಟೆಂಟ್ ಪರಂಪರೆಗೆ ಈ ಜಿಲ್ಲೆಯಲ್ಲಿ ಇನ್ನೂ ಹಳೆಯ ಬೇರುಗಳಿವೆ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಊರಿದ್ದು 1837ರಲ್ಲಿ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದ ಮೇಲೆ ಆ ಪರಂಪರೆ ಅದರಲ್ಲಿ ಬೆರೆಯಿತು. ಇಂದು ಜಿಲ್ಲೆಯ ಸಿಎಸ್‌ಐ ಸಭೆಗಳು ಕರ್ನಾಟಕ ಸೆಂಟ್ರಲ್ ಡಯಾಸಿಸ್‌ಗೆ ಸೇರಿವೆ. ಎರಡೂ ಕಡೆ ವರ್ಗಾವಣೆಯ ಪಟ್ಟಿ ಸಿದ್ಧವಾಗುವುದು ಬೆಂಗಳೂರಿನಲ್ಲಿ. ಪಾವಗಡದಿಂದ ತುಮಕೂರಿಗೇ ಸುಮಾರು 100 ಕಿಲೋಮೀಟರ್ ದಾರಿ. ಪಟ್ಟಿ ಬರೆಯುವ ಮೇಜಿಗೆ ಪಾವಗಡದ ಮಾತು ತಾನಾಗಿಯೇ ತಲುಪುವುದಿಲ್ಲ, ನಾವು ತಲುಪಿಸಬೇಕು.

ಹಾಗೆ ತಲುಪಿಸಲು ದಾರಿ ಇದೆಯೇ? ಇದೆ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 523ನೇ ವಿಧಿ ನೇಮಕದ ಅಧಿಕಾರವನ್ನು ಧರ್ಮಾಧ್ಯಕ್ಷರಿಗೆ ಕೊಡುತ್ತದೆ. ಅದರ ಬೆನ್ನಿಗೇ ಇರುವ 524ನೇ ವಿಧಿಯನ್ನು ನಮ್ಮಲ್ಲಿ ಓದುವವರು ಕಡಿಮೆ. ಮುಖ ನೋಡಿ ಮಣೆ ಹಾಕದೆ, ಎಲ್ಲ ಸಂದರ್ಭಗಳನ್ನೂ ತೂಗಿನೋಡಿ, ತಕ್ಕ ವಿಚಾರಣೆ ನಡೆಸಿ, ಅಗತ್ಯವೆನಿಸಿದರೆ ಕೆಲವು ಗುರುಗಳನ್ನೂ ಶ್ರೀಸಾಮಾನ್ಯ ವಿಶ್ವಾಸಿಗಳನ್ನೂ ಕೇಳಿ ಯೋಗ್ಯರನ್ನು ನೇಮಿಸಬೇಕೆಂಬುದು ಅದರ ತಾತ್ಪರ್ಯ. ಕೇಳುವುದು ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟದ್ದು ನಿಜ. ಆದರೆ ಕೇಳುವವರು ಮುಂದೆ ಬಂದಾಗ ಹೇಳಲು ನಮ್ಮ ಬಳಿ ಏನಾದರೂ ಇರಬೇಕಲ್ಲ! 522ನೇ ವಿಧಿ ಗುರುವಿಗೆ ಸ್ಥಿರತೆ ಬೇಕೆನ್ನುತ್ತದೆ. 529ನೇ ವಿಧಿ ಮನೆಮನೆಗೆ ಹೋಗಿ ಜನರ ಕಷ್ಟಸುಖ ತಿಳಿಯಬೇಕು, ರೋಗಿಗಳನ್ನೂ ಬಡವರನ್ನೂ ಒಂಟಿಯಾದವರನ್ನೂ ವಿಶೇಷವಾಗಿ ವಿಚಾರಿಸಿಕೊಳ್ಳಬೇಕು ಎನ್ನುತ್ತದೆ. ಸಭೆ ಕೇಳಬೇಕಾದದ್ದು ಕಾನೂನಿನಲ್ಲಿ ಆಗಲೇ ಇದೆ.

ಹೊರಗಿನ ಅನುಭವವನ್ನೂ ಒಂದಿಷ್ಟು ನೋಡಬೇಕು. ಸ್ಕಾಟ್ಲೆಂಡಿನಲ್ಲಿ ಜಮೀನ್ದಾರರು ತಮಗೆ ಬೇಕಾದ ಪಾದ್ರಿಯನ್ನು ಸಭೆಯ ಮೇಲೆ ಹೇರುವ ಪದ್ಧತಿಯೇ ದೊಡ್ಡ ಜಗಳವಾಗಿ, 1843ರಲ್ಲಿ 450ಕ್ಕೂ ಹೆಚ್ಚು ಪಾದ್ರಿಗಳು ಸಂಬಳ, ಮನೆ, ಚರ್ಚು ಎಲ್ಲವನ್ನೂ ಬಿಟ್ಟು ಹೊರನಡೆದರು. ಆ ಪದ್ಧತಿ 1874ರಲ್ಲಿ ರದ್ದಾಯಿತು. ಇಂಗ್ಲೆಂಡಿನ ಆಂಗ್ಲಿಕನ್ ಸಭೆ 1986ರ ಕಾಯ್ದೆಯ ಮೂಲಕ ಬೇರೊಂದು ದಾರಿ ಹಿಡಿಯಿತು. ಅಲ್ಲಿ ಗುರುವಿನ ಸ್ಥಾನ ಖಾಲಿಯಾದರೆ ಊರಿನ ಚರ್ಚ್ ಕೌನ್ಸಿಲ್ ತನ್ನ ಸ್ಥಿತಿಗತಿ, ಅಗತ್ಯ, ಸಂಪ್ರದಾಯಗಳ ವಿವರಪತ್ರ ಬರೆಯಬಹುದು. ಅದು ಆರಿಸುವ ಇಬ್ಬರು ಪ್ರತಿನಿಧಿಗಳ ಒಪ್ಪಿಗೆಯನ್ನೂ ನೇಮಕಕ್ಕೆ ಮುನ್ನ ಕೇಳಲಾಗುತ್ತದೆ. ಅಲ್ಲಿಯ ಅಧಿಕಾರ ವ್ಯವಸ್ಥೆಯನ್ನು ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ವಿವರಪತ್ರ ಬರೆಯುವ ಅಭ್ಯಾಸವನ್ನು ಮಾತ್ರ ತರೋಣ. ಅದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಆ ವಿವರಪತ್ರದಲ್ಲಿ ಏನಿರಬೇಕು? ಮೊದಲನೆಯದು ಭಾಷೆ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನಭಾಷೆಗೆ ಬಾಗಿಲು ತೆರೆದ ಮೇಲೆ ಲ್ಯಾಟಿನ್ ಪೂಜೆ ಹಿಂದೆ ಸರಿದು ಕನ್ನಡದ ಬಲಿಪೂಜೆ ಬಂತು. ಬೆಂಗಳೂರಿನಲ್ಲಿ ಯಾವ ಭಾಷೆಗೆ ಎಷ್ಟು ಜಾಗ ಎಂಬ ನೋವು, ಹೋರಾಟ ದಶಕಗಳ ಕಾಲ ನಡೆದಿದೆ. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಕನ್ನಡ ಬಲ್ಲ ಗುರು ಎಂದು ಬರೆದರೆ ಸಾಲದು. ಪಾವಗಡದ ಸುತ್ತ ಬಹುಪಾಲು ಆಂಧ್ರದ ಗಡಿ, ಮನೆಮಾತು ಎಷ್ಟೋ ಕಡೆ ತೆಲುಗು. ಸಾಯುವ ಅಜ್ಜಿ ಪಾಪನಿವೇದನೆ ಮಾಡುವುದು ಮನೆಮಾತಿನಲ್ಲೇ. ಓದಿ ಹೇಳುವ ಕನ್ನಡ ಬೇರೆ, ಹಟ್ಟಿಯ ಜಗುಲಿಯ ಮೇಲೆ ಕೂತು ಆಡುವ ಕನ್ನಡ ಬೇರೆ. ಜಗುಲಿಯ ಕನ್ನಡ ಬೇಕು ಎಂದು ಬರೆಯೋಣ.

ಎರಡನೆಯದು ಬದುಕು. ಇದು ಮಳೆಯನ್ನೇ ನೆಚ್ಚಿದ ಕಡಲೆಕಾಯಿ ಸೀಮೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ದುಡಿಯುವ ವಯಸ್ಸಿನವರು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ, ಕಟ್ಟಡದ ಕೆಲಸದಲ್ಲಿ. ಭಾನುವಾರದ ಪೂಜೆಗೆ ಉಳಿಯುವವರು ಮುದುಕರು ಮತ್ತು ಮಕ್ಕಳು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದಿದೆ. ಜಮೀನಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಕೆಲಸವೇ ಹೋಯಿತು. ಈ ಸೀಮೆಗೆ ಬರುವ ಗುರುವಿಗೆ ಇದೆಲ್ಲ ಮೊದಲೇ ತಿಳಿದಿರಬೇಕು. ಎರಡು ಶತಮಾನದ ಹಿಂದೆ ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ ಅವರು ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತರು, ಹಾಸನದ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿದರು. ಜನರ ರೋಗ, ಜನರ ಹೊಲ ಎರಡೂ ಗುರುವಿನ ಕೆಲಸವೇ ಎಂಬ ತಿಳಿವಳಿಕೆ ನಮ್ಮ ನೆಲಕ್ಕೆ ಹೊಸದಲ್ಲ.

ಮೂರನೆಯದು ಜಾತಿ. ಇದನ್ನು ಮುಚ್ಚಿಡುವುದು ಬೇಡ. ನಮ್ಮ ಗ್ರಾಮೀಣ ಸಭೆಗಳಲ್ಲಿ ಹೆಚ್ಚಿನವರು ದಲಿತ ಮೂಲದವರು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಕರ್ನಾಟಕ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವ ಕುಟುಂಬಗಳ ಸಂಕಟ ಅರಿಯದ ಗುರು ಇಲ್ಲಿ ಕೆಲಸ ಮಾಡಲಾರ. ಅದೇ ಹೊತ್ತಿಗೆ, ನಮ್ಮ ಜಾತಿಯ ಗುರುವನ್ನೇ ಕೊಡಿ ಎಂದು ಬೆಂಗಳೂರಿಗೆ ಬಸ್ಸು ಹತ್ತುವ ನಿಯೋಗಗಳು ನಿಲ್ಲಬೇಕು. ಅಂಥ ಮನವಿ ಸಭೆಯನ್ನು ಒಡೆಯುತ್ತದೆ, ಬರುವ ಗುರುವನ್ನೂ ಮೊದಲ ದಿನವೇ ಒಂದು ಬಣಕ್ಕೆ ಕಟ್ಟಿಹಾಕುತ್ತದೆ. ಇದರ ಜೊತೆಗೆ ಹೆಣ್ಣುಗಂಡಿನ ಮಾತೂ ಇದೆ. ಸಿಎಸ್‌ಐ 1976ರಿಂದ ಹೆಣ್ಣುಮಕ್ಕಳಿಗೂ ಗುರುದೀಕ್ಷೆ ಕೊಡುತ್ತಿದೆ. ಮಹಿಳಾ ಸಭಾಪಾಲಕರು ಬಂದರೆ ಬರಮಾಡಿಕೊಳ್ಳುತ್ತೇವೆ ಎಂಬ ಮಾತನ್ನೂ ಸಿಎಸ್‌ಐ ಸಭೆಗಳು ಆ ಪತ್ರದಲ್ಲಿ ಸೇರಿಸಲಿ.

ಕೊನೆಯದಾಗಿ ಖಾಲಿ ಅವಧಿಯ ಮಾತು. ಹಳಬರು ಹೋದ ದಿನ ಕೈಬದಲಾಗುವುದೇನು ನೋಡಿ: ಬೀರುವಿನ ಬೀಗದಕೈ, ಜ್ಞಾನಸ್ನಾನ, ಮದುವೆ, ಮರಣದ ರಿಜಿಸ್ಟರುಗಳು, ಬ್ಯಾಂಕಿನ ಪಾಸ್‌ಬುಕ್ಕು, ಸ್ಮಶಾನದ ಜಾಗದ ಪಹಣಿ. ಇವುಗಳ ಜೊತೆ ಇನ್ನೊಂದು ಕಾಗದ ಇರಬೇಕು. ಹಾಸಿಗೆ ಹಿಡಿದವರು ಯಾರು, ಗಂಡ ತೀರಿದ ಮೇಲೆ ಒಬ್ಬಳೇ ಇರುವ ತಾಯಿ ಯಾರು, ಮದುವೆ ಗೊತ್ತಾಗಿರುವ ಜೋಡಿ ಯಾವುದು, ಚರ್ಚಿಗೆ ಬರುವುದನ್ನು ಬಿಟ್ಟ ಮನೆ ಯಾವುದು ಎಂಬ ಪಟ್ಟಿ. ರಿಜಿಸ್ಟರು ತಡವಾಗಿ ಸಿಕ್ಕರೂ ನಡೆದೀತು, ಈ ಪಟ್ಟಿ ಇಲ್ಲದಿದ್ದರೆ ಹೊಸಬರು ಒಂದು ವರ್ಷ ಕತ್ತಲಲ್ಲಿ ತಡಕಾಡುತ್ತಾರೆ. ಕಥೋಲಿಕ ಮದುವೆಗೆ ಅಧಿಕಾರವುಳ್ಳ ಗುರು ಇರಲೇಬೇಕು, ಅದಕ್ಕೆ ಪಕ್ಕದ ಧರ್ಮಕೇಂದ್ರದವರನ್ನು ಕಾಯಬೇಕು. ಆದರೆ ರೋಗಿಯ ಮನೆಗೆ ಹೋಗಿ ಪ್ರಾರ್ಥಿಸಲು, ಮಕ್ಕಳಿಗೆ ಧರ್ಮೋಪದೇಶ ಕಲಿಸಲು, ಸತ್ತವರ ಮನೆಯಲ್ಲಿ ರಾತ್ರಿ ಕೂರಲು ಯಾರ ಆದೇಶವೂ ಬೇಡ. ಹಿಂದೆ ಗುರುಗಳು ವರ್ಷಕ್ಕೊಮ್ಮೆ ಬರುತ್ತಿದ್ದ ಹಳ್ಳಿಗಳಲ್ಲಿ ವಿಶ್ವಾಸ ಉಳಿಸಿದವರು ಉಪದೇಶಿಗಳು, ಊರಿನ ಹೆಂಗಸರು.

ಈ ಸಂಕಿರಣದ ಮುಂದೆ ನನ್ನ ಕೋರಿಕೆ ಒಂದೇ. ಪ್ರಬಂಧಗಳನ್ನು ಓದಿ ಚಪ್ಪಾಳೆ ತಟ್ಟಿ ಎದ್ದುಹೋಗುವುದು ಬೇಡ. ಪ್ರತಿ ಗೋಷ್ಠಿಯೂ ಆ ವಿವರಪತ್ರದ ಒಂದೊಂದು ಭಾಗವನ್ನು ಬರೆದು ಮುಗಿಸಲಿ. ಅದು ಎರಡು ಪುಟ ಮೀರದಿರಲಿ, ಕನ್ನಡದಲ್ಲಿರಲಿ, ಓದು ಬಾರದವರಿಗೂ ಓದಿ ಹೇಳಿ ಅವರ ಹೆಬ್ಬೆಟ್ಟನ್ನೂ ಪಡೆಯುವಂತಿರಲಿ. ಮನೆಗೆ ಹೋದ ಮೇಲೆ ನಿಮ್ಮ ನಿಮ್ಮ ಸಭೆಯನ್ನು ಕರೆದು ಅದನ್ನು ತುಂಬಿಸಿ, ವರ್ಗಾವಣೆಯ ಕಾಲ ಬರುವ ಮುನ್ನವೇ ಕಥೋಲಿಕರು ಧರ್ಮಾಧ್ಯಕ್ಷರಿಗೂ ಸಿಎಸ್‌ಐನವರು ತಮ್ಮ ಬಿಷಪ್ಪರಿಗೂ ತಲುಪಿಸಿ. ಯಾರು ಬಂದರೂ ಮೊದಲ ದಿನ ಅದರ ಪ್ರತಿಯೊಂದನ್ನು ಅವರ ಕೈಗೆ ಕೊಡಿ. ಅದರ ಕೊನೆಯ ಸಾಲಿನಲ್ಲಿ ಗುರುವಿನ ಜೊತೆ ಸಭೆ ಯಾವ ಯಾವ ಕೆಲಸಕ್ಕೆ ಹೆಗಲು ಕೊಡುತ್ತದೆ ಎಂಬುದನ್ನು ಹೆಸರು ಸಮೇತ ಬರೆದಿರಿ. ಒಳ್ಳೆಯ ಗುರು ಬೇಕೆನ್ನುವ ಸಭೆ ಮೊದಲು ತಾನು ಕೊಡುವುದೇನೆಂದು ಹೇಳಬೇಕು.